ಹಸುವಿಗೆ ಜೋರು ಜ್ವರವೇ? ಇಂಜೆಕ್ಷನ್‌ಗೆ ಮೊದಲು ರಕ್ತ ಪರೀಕ್ಷೆ ಮಾಡಿಸಿ

ನಾನು ಓದಿದ್ದು ತೋಟಗಾರಿಕೆ. ಗಿಡದ ರೋಗ ಎಲೆ ನೋಡಿ ಹೇಳಬಲ್ಲೆ, ಹಸುವಿನದ್ದು ಗೊತ್ತಿರಲಿಲ್ಲ. ಜೀವಾಮೃತಕ್ಕೆ ಸಗಣಿ, ಗಂಜಲ ಬೇಕು ಅಂತ ಒಂದು ಎಚ್‌ಎಫ್ ಮಿಶ್ರತಳಿ ಹಸು ಕಟ್ಟಿದ್ದೆ. ಹೋದ ಮಳೆಗಾಲ ಅದು ಮೇವು ಬಿಟ್ಟಿತು. ಮಾಮೂಲಿ ಜ್ವರ ಅಂದುಕೊಂಡು ಎರಡು ದಿನ ಕಷಾಯ ಕುಡಿಸಿದೆ. ಮೂರನೇ ದಿನ ಡಾಕ್ಟರು ಬಂದಾಗ ಜ್ವರ 106 ಡಿಗ್ರಿ, ಭುಜದ ಮುಂದೆ ನಿಂಬೆಹಣ್ಣಿನ ಗಾತ್ರದ ಗಂಟು. ಕಿವಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಸ್ಲೈಡ್ ಮೇಲೆ ಹರಡಿಕೊಂಡು ಹೋದರು. ಥೈಲೇರಿಯಾ! ಹಸು ಉಳಿಯಿತು, ಆದರೆ ಐದು ತಿಂಗಳ ಗಬ್ಬ ಕಂದು ಹಾಕಿತು. ಆ ಎರಡು ದಿನ ನಾನು ಕಾಯಬಾರದಿತ್ತು.

ರಕ್ತದಲ್ಲಿ ಏನಾಗುತ್ತೆ?

ಇವು ಕಣ್ಣಿಗೆ ಕಾಣದ ಪರೋಪಜೀವಿಗಳು. ನಮ್ಮಲ್ಲಿ ಮುಖ್ಯವಾಗಿ ಮೂರು:

- ಥೈಲೇರಿಯಾ: ಉಣ್ಣೆಯಿಂದ ಬರುತ್ತದೆ. ಮೊದಲು ಬಿಳಿ ರಕ್ತಕಣ, ಆಮೇಲೆ ಕೆಂಪು ಕಣ ಹೊಕ್ಕುತ್ತದೆ. ಅದಕ್ಕೇ ಮೊದಲು ಗಂಟು ಊದುತ್ತದೆ, ನಂತರ ರಕ್ತಹೀನತೆ, ಉಬ್ಬಸ.
- ಬಬೇಸಿಯಾ: ಇದೂ ಉಣ್ಣೆಯಿಂದಲೇ. ಕೆಂಪು ಕಣಗಳನ್ನು ಒಡೆಯುತ್ತದೆ, ಅದರ ಬಣ್ಣ ಮೂತ್ರಕ್ಕೆ ಇಳಿದು ಗಂಜಲ ಕಾಫಿ ಡಿಕಾಕ್ಷನ್‌ನಂತೆ ಕಾಣುತ್ತದೆ.
- ಟ್ರಿಪನೊಸೋಮಾ (ಸರ್ರಾ ರೋಗ): ರಕ್ತ ಹೀರುವ ದೊಡ್ಡ ನೊಣಗಳಿಂದ ಬರುತ್ತದೆ. ಜ್ವರ ಬಂದು ಬಂದು ಹೋಗುತ್ತದೆ, ದನ ಸೊರಗುತ್ತದೆ, ಕೆಲವೊಮ್ಮೆ ಸುತ್ತು ಹೊಡೆಯುತ್ತದೆ.

ಥೈಲೇರಿಯಾಗೆ ಬುಪಾರ್ವಾಕ್ವೋನ್, ಉಳಿದೆರಡಕ್ಕೆ ಸಾಮಾನ್ಯವಾಗಿ ಡಿಮಿನಜೀನ್. ಥೈಲೇರಿಯಾದ ಮದ್ದು ಉಳಿದೆರಡಕ್ಕೆ, ಅವುಗಳ ಮದ್ದು ಥೈಲೇರಿಯಾಗೆ ನಾಟುವುದಿಲ್ಲ. ಅದಕ್ಕೇ ಮದ್ದು ಕೊಡುವ ಮೊದಲೇ ರಕ್ತ ತೆಗೆಸಿ ಅನ್ನುವುದು. ಮೆಡಿಕಲ್ ಶಾಪಿನಿಂದ ತಂದು ನೀವೇ ಚುಚ್ಚಬೇಡಿ.

ಕಾಡಿನ ಪ್ರಾಣಿಗಳಿಗೂ ಇದೆ

ಜಿಂಕೆಗಳ ರಕ್ತದಲ್ಲೂ ಥೈಲೇರಿಯಾ ಜಾತಿಗಳಿವೆ, ಆದರೆ ಹೆಚ್ಚಾಗಿ ರೋಗ ಕಾಣಿಸುವುದಿಲ್ಲ. ಎಲ್ಲ ಪ್ರಾಣಿಗಳಿಗೂ ಆ ಅದೃಷ್ಟವಿಲ್ಲ. 2000ರಲ್ಲಿ ಒಡಿಶಾದ ನಂದನಕಾನನ ಮೃಗಾಲಯದಲ್ಲಿ ಸರ್ರಾ ರೋಗಕ್ಕೆ ಹತ್ತಕ್ಕೂ ಹೆಚ್ಚು ಹುಲಿಗಳು ಸತ್ತವು. ನಮ್ಮ ನಾಟಿ ದನಗಳು ಥೈಲೇರಿಯಾವನ್ನು ಸಾಕಷ್ಟು ತಡೆದುಕೊಳ್ಳುತ್ತವೆ, ಎಚ್‌ಎಫ್, ಜೆರ್ಸಿ ಮಿಶ್ರತಳಿಗಳು ಬೇಗ ಸೋಲುತ್ತವೆ. ವಾಸಿಯಾದ ಹಸುವಿನಲ್ಲೂ ರೋಗಾಣು ಉಳಿಯಬಹುದು, ಉಣ್ಣೆ ಅದನ್ನು ಪಕ್ಕದ ಕರುವಿಗೆ ದಾಟಿಸುತ್ತದೆ.

ಉಣ್ಣೆ ಇರುವುದು ಹಸುವಿನ ಮೇಲೆ ಮಾತ್ರ ಅಲ್ಲ

ರಕ್ತ ಕುಡಿದ ಹೆಣ್ಣು ಉಣ್ಣೆ ಕೆಳಗೆ ಬಿದ್ದು ಗೋಡೆ ಬಿರುಕಲ್ಲೋ ನೆಲದಲ್ಲೋ ಸಾವಿರಾರು ಮೊಟ್ಟೆ ಇಡುತ್ತದೆ. ಹಸುವಿಗಷ್ಟೇ ಔಷಧಿ ಹಚ್ಚಿದರೆ ಅರ್ಧ ಕೆಲಸ. ನಾನು ಈಗ ಮಾಡ್ತಿರೋದು:

1. ಕೊಟ್ಟಿಗೆಯ ಬಿರುಕುಗಳಿಗೆ ಸಿಮೆಂಟ್ ಮೆತ್ತಿ ಸುಣ್ಣ ಬಳಿದಿದ್ದೇನೆ. ತಿಪ್ಪೆ ದೂರ ಹಾಕಿದ್ದೇನೆ.
2. ವಾರಕ್ಕೊಮ್ಮೆ ಕಿವಿ, ಕೆಚ್ಚಲು, ಬಾಲದ ಬುಡ ತಡವಿ ನೋಡುತ್ತೇನೆ. ಸಿಕ್ಕ ಉಣ್ಣೆಯನ್ನು ಬೆರಳಲ್ಲಿ ಹಿಸುಕದೆ ಸೀಮೆಎಣ್ಣೆಗೆ ಹಾಕುತ್ತೇನೆ.
3. ಸಂತೆಯಿಂದ ತಂದ ದನವನ್ನು ಕೆಲವು ವಾರ ಬೇರೆ ಕಟ್ಟುತ್ತೇನೆ.
4. ಮಿಶ್ರತಳಿ ಕರುಗಳಿಗೆ ಥೈಲೇರಿಯಾ ಲಸಿಕೆ ಇದೆ, ಡಾಕ್ಟರನ್ನು ಕೇಳಿ ಹಾಕಿಸುತ್ತೇನೆ.

ಬೇವಿನೆಣ್ಣೆ ನಾನೂ ಹಚ್ಚುತ್ತೇನೆ. ಅದು ಉಣ್ಣೆ ಕಡಿಮೆ ಮಾಡಬಹುದು, ರಕ್ತದೊಳಗೆ ಸೇರಿದ ರೋಗಾಣುವನ್ನು ಮುಟ್ಟುವುದಿಲ್ಲ. ಬೇರೆ ದಾರಿಯಿಲ್ಲದಾಗ ಚಿಕಿತ್ಸೆ ಕೊಡಲು ಸಾವಯವ ನಿಯಮಗಳಲ್ಲೂ ಅವಕಾಶವಿದೆ. ಹಾಲು ಎಷ್ಟು ದಿನ ಬಳಸಬಾರದು ಅಂತ ಮಾತ್ರ ಕೇಳಿಕೊಳ್ಳಿ.

ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ. ಹಸುವಿನ ಸಹಜ ಶಾಖ 101–102 ಡಿಗ್ರಿ. 104 ದಾಟಿದರೆ ಗಂಜಲದ ಬಣ್ಣ, ಗಂಟು ಇವುಗಳ ಫೋಟೋ ತೆಗೆದು ಡಾಕ್ಟರಿಗೆ ಕಳಿಸಿ, ಇಲ್ಲಾಂದ್ರೆ 1962ಕ್ಕೆ ಫೋನ್ ಮಾಡಿ. ಅವತ್ತೇ ಮಾಡಿ, ನಾಳೆಗೆ ಬಿಡಬೇಡಿ.