ಗುಡಿ ಮುಂದಿನ ಕಲ್ಲು ಓದುವವರು ಧಾರವಾಡದಾಗ ಇದ್ದಾರೆ

ಮಿಶ್ರಿಕೋಟಿ: ಹಳೇ ಗುಡಿಗೆ ಹೊಸ ಟೈಲ್ಸ್ ಹಾಕಿಸುವ ಹುಮ್ಮಸ್ಸು ಈಗ ಎಲ್ಲ ಊರಿಗೂ ಬಂದಿದೆ. ಕಲಘಟಗಿ, ಕುಂದಗೋಳ, ನವಲಗುಂದ, ಯಾವ ಕಡೆ ಬಸ್ಸು ಹತ್ತಿದರೂ ಇದೇ ಮಾತು. ಪಟ್ಟಿ ಎತ್ತುತ್ತಾರೆ, ಗ್ರಾನೈಟ್ ತರಿಸುತ್ತಾರೆ, ಆಯಿಲ್ ಪೇಂಟ್ ಬಳಿಸುತ್ತಾರೆ. ಭಕ್ತಿ ಇರಲಿ, ಬೇಡ ಅನ್ನುವವರು ಯಾರು? ಆದರೆ ಈ ಗದ್ದಲದಲ್ಲಿ ಗುಡಿ ಮುಂದೆ ನಿಂತ ಅಕ್ಷರದ ಕಲ್ಲಿನ ಗತಿ ಏನು? ಒಂದು ಕಡೆ ಅದು ಅರಿವೆ ಒಗೆಯುವ ಕಲ್ಲಾಗುತ್ತದೆ, ಇನ್ನೊಂದು ಕಡೆ ಗಟಾರದ ಮೇಲಿನ ಹಾಸುಗಲ್ಲಾಗುತ್ತದೆ.

“ಅದರಾಗ ಏನೈತ್ರಿ, ಯಾವುದೋ ಹಳೇ ಕಾಲದ್ದು” ಅನ್ನುವವರೇ ಹೆಚ್ಚು. ಏನೈತಿ ಅನ್ನುವುದನ್ನೇ ಸ್ವಲ್ಪ ನೋಡೋಣ.

ವ್ಯಾಪಾರಸ್ಥರ ಲೆಕ್ಕ

ಇಂಥ ಕಲ್ಲುಗಳಲ್ಲಿ ರಾಜರ ಹೊಗಳಿಕೆ ಇರುತ್ತದೆ, ನಿಜ. ಅದು ಮುಗಿದ ಮೇಲೆ ಬರುವುದು ನಮ್ಮ ನಿಮ್ಮಂಥವರ ಲೆಕ್ಕ. ಗುಡಿಯ ದೀಪಕ್ಕೆ ಗಾಣದವರು ಎಷ್ಟು ಸೊಲ್ಲಗೆ ಎಣ್ಣೆ ಕೊಡಬೇಕು, ಎಲೆಯ ಹೇರಿಗೆ ಸುಂಕ ಎಷ್ಟು, ಪೂಜೆಗೆ ಬಿಟ್ಟ ಹೊಲ ಎಷ್ಟು ಮತ್ತರು, ಅದರ ನಾಲ್ಕು ದಿಕ್ಕಿನ ಗಡಿ ಯಾವುದು, ಎಲ್ಲ ಬರೆದಿರುತ್ತದೆ. ಊರೂರು ತಿರುಗಿ ವ್ಯಾಪಾರ ಮಾಡಿದ ಅಯ್ಯಾವೊಳೆ ಐನೂರ್ವರ ಹೆಸರೂ ಬರುತ್ತದೆ. ಅಯ್ಯಾವೊಳೆ ಅಂದರೆ ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆ. ಗದಗ ಬಳಿಯ ಲಕ್ಕುಂಡಿಯ ಟಂಕಸಾಲೆಯ ನಾಣ್ಯಕ್ಕೆ ಲೊಕ್ಕಿ ಗದ್ಯಾಣ ಎಂಬ ಹೆಸರೇ ಇತ್ತು. ಅಂಗಡಿಕಾರರೇ, ಇದು ನಿಮ್ಮ ಹಿರಿಯರ ಖಾತೆ ಪುಸ್ತಕ!

ಈಗ ಹೇಳಿ, ಈ ಪುಸ್ತಕವನ್ನು ಒಬ್ಬನೇ ಮನುಷ್ಯ ಓದಿ ಮುಗಿಸಿಯಾನೇ? ಹಳೇ ಲಿಪಿ ಬಲ್ಲವರು ಅಕ್ಷರ ಓದುತ್ತಾರೆ. ಹಳಗನ್ನಡ ಪಂಡಿತರು ಮಾತಿನ ಅರ್ಥ ಬಿಡಿಸುತ್ತಾರೆ. ಯಾವ ರಾಜ, ಯಾವ ಕಾಲ ಎಂದು ಇತಿಹಾಸದವರು ಹೇಳುತ್ತಾರೆ. ಮತ್ತರಿನ ಲೆಕ್ಕಕ್ಕೆ ಅರ್ಥಶಾಸ್ತ್ರದವರು ಬೇಕು, ದೇವರ ವಿಷಯಕ್ಕೆ ಧರ್ಮ ಓದಿದವರು ಬೇಕು. ಆ ಗಡಿಯ ಹಳ್ಳ ಎಲ್ಲಿದೆ ಎಂದು ತೋರಿಸಲು ಮಾತ್ರ ಊರಿನ ರೈತನೇ ಬರಬೇಕು.

ಎಲ್ಲರೂ ಒಂದೇ ಸೂರಿನಡಿ

ಇವರನ್ನೆಲ್ಲ ಒಂದೆಡೆ ಕೂಡಿಸುವ ಯೋಚನೆ ಧಾರವಾಡದಲ್ಲಿ ಹಳೆಯದು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1914ರಲ್ಲಿ ಆಲೂರ ವೆಂಕಟರಾಯರು ಮುಂದಾಗಿ ಇತಿಹಾಸ ಸಂಶೋಧನ ಮಂಡಳ ಕಟ್ಟಿದರು. 1939ರಲ್ಲಿ ಮುಂಬಯಿ ಸರಕಾರ ಕನ್ನಡ ಸಂಶೋಧನ ಸಂಸ್ಥೆ ತೆರೆಯಿತು. ಆರ್. ಎಸ್. ಪಂಚಮುಖಿ ಅದರ ಮೊದಲ ನಿರ್ದೇಶಕರು. ಶಾಸನ, ನಾಣ್ಯ, ತಾಳೆಗರಿ, ಮೂರ್ತಿಶಿಲ್ಪ ಎಲ್ಲವೂ ಈ ಒಂದೇ ಸಂಸ್ಥೆಯ ಕೆಲಸವಾಯಿತು.

ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1949ರಲ್ಲಿ. ಅಂದರೆ ಸಂಸ್ಥೆ ಯುನಿವರ್ಸಿಟಿಗಿಂತ ಹತ್ತು ವರ್ಷ ಹಿರಿಯದು! ಮುಂದೆ ಅದು ಯುನಿವರ್ಸಿಟಿಯ ಮಡಿಲಿಗೇ ಬಂತು. ಡಾ. ಪಿ. ಬಿ. ದೇಸಾಯಿ ಸಂಪಾದಿಸಿದ ಕರ್ನಾಟಕದ ಇತಿಹಾಸದ ಇಂಗ್ಲಿಷ್ ಗ್ರಂಥ 1970ರಲ್ಲಿ ಇಲ್ಲಿಂದಲೇ ಹೊರಬಂತು. ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ ವೀರಗಲ್ಲು, ಮೂರ್ತಿ, ನಾಣ್ಯ, ಹಸ್ತಪ್ರತಿಗಳಿವೆ.

ಹಾಡಿಗೂ ಅಲ್ಲಿ ಬೆಲೆ ಸಿಕ್ಕಿತು. ನಮ್ಮ ಅವ್ವಂದಿರು ಬೀಸುವಾಗ ಹಾಡಿದ ಹಾಡಿನಂಥ ಜನಪದ ಗೀತೆಗಳ ಮೇಲೆ ಡಾ. ಬಿ. ಎಸ್. ಗದ್ದಗಿಮಠರು ಪ್ರಬಂಧ ಬರೆದು ಡಾಕ್ಟರ್ ಆದರು. ಕನ್ನಡ ವಿಭಾಗದ ಡಾ. ಎಂ. ಎಂ. ಕಲಬುರ್ಗಿ ಅವರು ಶಾಸನ, ವಚನ, ಹಸ್ತಪ್ರತಿ, ಊರ ಹೆಸರು ಎಲ್ಲದರಲ್ಲೂ ಕೈಯಾಡಿಸಿದರು. 2006ರಲ್ಲಿ ‘ಮಾರ್ಗ’ದ ನಾಲ್ಕನೇ ಸಂಪುಟಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2015ರ ಆಗಸ್ಟ್ 30ರಂದು ಅವರನ್ನು ಧಾರವಾಡದ ಮನೆಯಲ್ಲೇ ಗುಂಡಿಕ್ಕಿ ಕೊಂದರು. ಅಂಥವರ ಜಾಗ ತುಂಬುವುದು ಸುಲಭವಲ್ಲ.

ಬುರುಡೆ ಹೇಳುವ ಕಥೆ

ಕೂಡಿ ಮಾಡುವ ಕೆಲಸ ಯಾಕೆ ಬೇಕು ಎಂಬುದಕ್ಕೆ ದೂರ ಹೋಗಬೇಕಿಲ್ಲ. 2010ರಲ್ಲಿ ಅಣ್ಣಿಗೇರಿಯಲ್ಲಿ ಗಟಾರ ತೋಡುವಾಗ ನೂರಾರು ತಲೆಬುರುಡೆ ಬಂದವು. ಜಿಲ್ಲೆಗೆ ಜಿಲ್ಲೆಯೇ ಬೆಚ್ಚಿತು. ಯುದ್ಧದಲ್ಲಿ ಕಡಿದರೋ, ಬರದಲ್ಲಿ ಸತ್ತರೋ ಎಂದು ಚರ್ಚೆ ನಡೆಯಿತು. ವಯಸ್ಸು ತಿಳಿಯಲು ಮಾದರಿಗಳು ಪ್ರಯೋಗಾಲಯಕ್ಕೆ ಹೋದವು. 1791–92ರ ಡೋಗಿ ಬರವನ್ನು ಜನ ನೆನೆದರು. ಹೆಣ ಮಣ್ಣು ಮಾಡುವವರಿಲ್ಲದೆ ಬುರುಡೆಗಳು ಬಯಲಲ್ಲಿ ಬಿದ್ದ ಬರ ಅದು. ಎಲುಬಿನ ವಯಸ್ಸನ್ನು ಯಂತ್ರ ಹೇಳೀತು. ಸತ್ತವರು ಯಾರು, ಯಾಕೆ ಸತ್ತರು ಎಂಬುದಕ್ಕೆ ದಫ್ತರ ಓದುವವರು, ನೆಲ ಅಗೆಯುವವರು, ಹಿರಿಯರ ಮಾತು ಕೇಳಿ ಬರೆದುಕೊಳ್ಳುವವರು ಕೂಡಿ ಕುಳಿತುಕೊಳ್ಳಲೇಬೇಕು.

ಊರವರು ಮಾಡಬೇಕಾದ್ದು

ಮಿಶ್ರಿಕೋಟಿಯವರಿಗೆ ಇದು ದೂರದ ದಾರಿಯಲ್ಲ. ಹುಬ್ಬಳ್ಳಿಗೆ ಹೋಗಿ ‘ಚಿಗರಿ’ ಹತ್ತಿದರೆ ಧಾರವಾಡ, ಅಲ್ಲಿಂದ ಪಾವಟೆನಗರ.

ಅಕ್ಷರದ ಕಲ್ಲು ಕಂಡರೆ ಬಣ್ಣ ಬಳಿಯಬೇಡಿ. ಕಲ್ಲಿನ ಮೇಲೆ ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ಅಕ್ಷರದ ತಗ್ಗಿನಲ್ಲಿ ಪೇಂಟ್ ತುಂಬಿಕೊಂಡರೆ ಅಚ್ಚು ಬರುವುದಿಲ್ಲ. ಉಳಿಯಿಂದ ಕೆತ್ತಿ ‘ಸ್ವಚ್ಛ’ ಮಾಡಿಸಿದರಂತೂ ಮುಗಿದೇ ಹೋಯಿತು. ಜಾಗ ಬದಲಿಸುವ ಮೊದಲು ಒಂದು ಫೋಟೋ ತೆಗೆದು ಸಂಸ್ಥೆಗೆ ತಿಳಿಸಿ. ಅಟ್ಟದ ಮೇಲಿನ ತಾಳೆಗರಿ ಕಟ್ಟನ್ನು ಹೊಳೆಗೆ ಬಿಡುವ ಮುನ್ನ ಒಮ್ಮೆ ತೋರಿಸಿ.

ಯುನಿವರ್ಸಿಟಿಯವರಿಗೂ ಒಂದು ಮಾತು. ಹಳ್ಳಿಯವರು ಬರಲಿ ಎಂದು ಕುಳಿತರೆ ಆಗದು. ವರ್ಷಕ್ಕೊಮ್ಮೆ ಹುಡುಗರನ್ನು ಕಟ್ಟಿಕೊಂಡು ತಾಲೂಕು ತಿರುಗಬೇಕು. ಓದಿದ್ದನ್ನು ಊರಿನ ಕನ್ನಡದಲ್ಲೇ ಬರೆದು ಪಂಚಾಯ್ತಿ ಗೋಡೆಗೆ ಹಚ್ಚಬೇಕು. ಸರಕಾರವಂತೂ ಲಿಪಿ ಬಲ್ಲವರು ನಿವೃತ್ತರಾದಾಗ ಆ ಕುರ್ಚಿ ಖಾಲಿ ಬಿಡಬಾರದು. ಕಲ್ಲು ಇದ್ದು ಓದುವವರಿಲ್ಲದಿದ್ದರೂ ಅಷ್ಟೇ, ಓದುವವರಿದ್ದು ಕಲ್ಲು ಇಲ್ಲದಿದ್ದರೂ ಅಷ್ಟೇ.

ಮುಂದಿನ ಜಾತ್ರೆಗೆ ಗುಡಿಗೆ ಬಣ್ಣ ಹೊಡೆಸುವ ಕಮಿಟಿಯವರು ಇತ್ತ ಲಕ್ಷ್ಯ ಕೊಡುವರೇ?