ಇನ್ನೂರ ಒಂದನೆಯ ಯೂನಿಟ್ಟಿನ ಬೆಲೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಸೇರಿ ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗವಾಗಿದೆ. ಕಂದಾಯ ಇಲಾಖೆಯ ಕಡತಗಳಲ್ಲಿ ಇದು ಒಂದೇ ಘಟಕ. ಮನೆಯೊಳಗಿನ ಬೆಳಕು ಮತ್ತು ಬೆಂಕಿಯ ಲೆಕ್ಕದಲ್ಲಿ ಮಾತ್ರ ನಾಲ್ಕು ತಾಲ್ಲೂಕುಗಳಿಗೂ ನಾಲ್ಕು ಮುಖ. ಶ್ರೀರಂಗಪಟ್ಟಣದ ನೌಕರ ಕುಟುಂಬ ಮೈಸೂರಿನ ಬಡಾವಣೆಯವರಂತೆಯೇ ಗೀಸರ್, ಫ್ರಿಜ್, ವಾಷಿಂಗ್ ಮಷೀನುಗಳ ನಡುವೆ ಬದುಕುತ್ತದೆ. ಪಾಂಡವಪುರದ ನಾಲೆ ಬಯಲಿನಲ್ಲಿ ಕಬ್ಬಿನ ತರಗು, ಕೆ.ಆರ್. ಪೇಟೆಯಲ್ಲಿ ತೆಂಗಿನ ಮಟ್ಟೆ ಇಂದಿಗೂ ಬಚ್ಚಲಿನ ಹಂಡೆಯನ್ನು ಕಾಯಿಸುತ್ತವೆ. ಮಳೆಯನ್ನೂ ಕೊಳವೆಬಾವಿಯನ್ನೂ ನಂಬಿದ ನಾಗಮಂಗಲದ ಹಳ್ಳಿಗಳಲ್ಲಿ ಸೌದೆಯೂ ಸುಲಭಕ್ಕೆ ಸಿಗುವ ವಸ್ತುವಲ್ಲ. ಈ ನಾಲ್ಕೂ ಕಡೆ ಮೀಟರ್ ಓದಿ ಬಿಲ್ಲು ಕೊಡುವುದು ಒಂದೇ ಸಂಸ್ಥೆ, ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಅನ್ವಯಿಸುವ ನಿಯಮವೂ ಒಂದೇ.

ಈ ಸೀಮೆಗೂ ವಿದ್ಯುತ್ತಿಗೂ ಹಳೆಯ ನಂಟಿದೆ. ಇದೇ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದಾಗ, ಬೇಸಿಗೆಯಲ್ಲೂ ಆ ಗಣಿಗಳಿಗೆ ವಿದ್ಯುತ್ ತಪ್ಪದಂತೆ ನೀರನ್ನು ಹಿಡಿದಿಡುವುದು ಅದರ ಮುಖ್ಯ ಉದ್ದೇಶಗಳಲ್ಲೊಂದಾಗಿತ್ತು. ಕಟ್ಟೆಯ ಸುತ್ತಲಿನ ಹಳ್ಳಿಗಳಿಗೆ ದೀಪ ಬಂದದ್ದು ಎಷ್ಟೋ ಕಾಲದ ಮೇಲೆ. ಯಾರಿಗೆ ಎಷ್ಟು, ಯಾವ ಬೆಲೆಗೆ ಎಂಬ ಪ್ರಶ್ನೆ ಇಲ್ಲಿ ಅಂದಿನಿಂದಲೂ ಇದೆ. ಈಗ ಅದು ಮೀಟರ್ ಬೋರ್ಡಿನ ಬಳಿಗೆ ಬಂದು ನಿಂತಿದೆ.

2023ರ ಆಗಸ್ಟ್‌ನಲ್ಲಿ ಚಾಲನೆಗೊಂಡ ಗೃಹಜ್ಯೋತಿ ಯೋಜನೆಯಿಂದ ಅಸಂಖ್ಯ ಮನೆಗಳ ಬಿಲ್ಲು ಶೂನ್ಯವಾಯಿತು. ಬಡ ಕುಟುಂಬವೊಂದಕ್ಕೆ ತಿಂಗಳಿಗೆ ಮುನ್ನೂರು ನಾನ್ನೂರು ರೂಪಾಯಿ ಉಳಿಯುವುದೆಂದರೆ ಏನೆಂದು ಬಲ್ಲವರು ಇದನ್ನು ಹಗುರವಾಗಿ ಕಾಣಲಾರರು. ನನ್ನ ತಕರಾರು ಯೋಜನೆಯ ಬಗ್ಗೆ ಅಲ್ಲ, ಅದರ ಅಳತೆಗೋಲಿನ ಬಗ್ಗೆ. 200 ಯೂನಿಟ್ ಎಂಬುದು ಜಾಹೀರಾತಿನ ಸಂಖ್ಯೆ. ವಾಸ್ತವದಲ್ಲಿ ಪ್ರತಿ ಮನೆಗೂ ಅದರದೇ ಮಿತಿ ಇದೆ: 2022-23ನೇ ಸಾಲಿನಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಬಳಸಿದ ವಿದ್ಯುತ್ತು, ಅದರ ಮೇಲೆ ಶೇ 10. ಅದಕ್ಕಿಂತ ಹೆಚ್ಚಾದುದಕ್ಕೆ ಹಣ ಕಟ್ಟಬೇಕು.

ಒಂದು ಲೆಕ್ಕ ನೋಡಿ. ಆ ವರ್ಷ ತಿಂಗಳಿಗೆ 60 ಯೂನಿಟ್ ಬಳಸಿದ ಮನೆಗೆ 66 ಯೂನಿಟ್ ಉಚಿತ. 170 ಯೂನಿಟ್ ಬಳಸಿದ ಮನೆಗೆ 187. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ 5 ರೂಪಾಯಿ 80 ಪೈಸೆಯ ದರದಲ್ಲಿ ಮೊದಲನೆಯ ಮನೆಗೆ ಸರ್ಕಾರ ಕೊಡುವುದು ಸುಮಾರು 383 ರೂಪಾಯಿ; ಎರಡನೆಯದಕ್ಕೆ 1,085 ರೂಪಾಯಿ. ಒಂದೇ ಬೀದಿಯಲ್ಲಿ, ಒಂದೇ ಕಂಬದಿಂದ ತಂತಿ ಎಳೆದ ಎರಡು ಮನೆಗಳ ನಡುವಿನ ಅಂತರ ತಿಂಗಳಿಗೆ 702 ರೂಪಾಯಿ. ದೀಪ ಆರಿಸಿ ಹೊರಗೆ ಬರುತ್ತಿದ್ದ ಗೃಹಿಣಿಗೆ ಕಡಿಮೆ, ಎಲ್ಲ ಕೋಣೆಗಳಲ್ಲೂ ಫ್ಯಾನು ತಿರುಗಲು ಬಿಟ್ಟವರಿಗೆ ಹೆಚ್ಚು. ಹಿಂದಿನ ಮಿತವ್ಯಯಕ್ಕೆ ಇದಕ್ಕಿಂತ ಸ್ಪಷ್ಟವಾದ ದಂಡವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸರ್ಕಾರಕ್ಕೂ ಇದು ಹೊಳೆದಿರಬೇಕು. 2024ರ ಜನವರಿಯಲ್ಲಿ ಸಚಿವ ಸಂಪುಟ, ಸರಾಸರಿ 48 ಯೂನಿಟ್‌ನೊಳಗಿನ ಮನೆಗಳಿಗೆ ಶೇ 10ರ ಬದಲು 10 ಯೂನಿಟ್ ಹೆಚ್ಚುವರಿಯಾಗಿ ಕೊಡಲು ನಿರ್ಧರಿಸಿತು. ಸರಿಯಾದ ಹೆಜ್ಜೆ, ಆದರೆ ಚಿಕ್ಕದು. ಹಳೆಯ ಲೆಕ್ಕವಿಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿಯಾದ 53 ಯೂನಿಟ್‌ಗೆ ಶೇ 10 ಸೇರಿಸಿ 58 ಯೂನಿಟ್ ನಿಗದಿ ಮಾಡಲಾಗಿದೆ. ಸರಾಸರಿ ಕುಟುಂಬ ಬಳಸುವುದೇ 53 ಯೂನಿಟ್ ಆಗಿದ್ದರೆ, ಇನ್ನೂರರವರೆಗಿನ ಧಾರಾಳ ಯಾರಿಗಾಗಿ?

ಇನ್ನು ಇನ್ನೂರರ ಗಡಿ. 2022-23ರಲ್ಲಿ ಸರಾಸರಿ 190 ಯೂನಿಟ್ ಬಳಸಿದ ಮನೆಯೊಂದು ಈಗ 200ಕ್ಕೆ ನಿಂತರೆ ಬಿಲ್ಲು ಶೂನ್ಯ. 201 ಆದರೆ ಪೂರ್ತಿ ಬಿಲ್ಲು ಕಟ್ಟಬೇಕು. 2025ರ ದರಗಳಂತೆ ವಿದ್ಯುತ್ ಶುಲ್ಕ 1,166 ರೂಪಾಯಿ. ಮೂರು ಕಿಲೋವಾಟ್ ಲೋಡ್ ಮಂಜೂರಾಗಿದ್ದರೆ ಕಿಲೋವಾಟ್‌ಗೆ 145ರಂತೆ ನಿಗದಿತ ಶುಲ್ಕ 435. ಸಿಬ್ಬಂದಿಯ ಪಿಂಚಣಿ ಮತ್ತು ಗ್ರಾಚ್ಯುಯಿಟಿಗಾಗಿ ಯೂನಿಟ್‌ಗೆ 36 ಪೈಸೆ. ಮೇಲೆ ಶೇ 9 ತೆರಿಗೆ. ಎಲ್ಲ ಕೂಡಿ 1,775 ರೂಪಾಯಿ ದಾಟುತ್ತದೆ. ಆ ಕೊನೆಯ ಒಂದು ಯೂನಿಟ್ಟಿನ ಬೆಲೆ ಅದು! (ಪಿಂಚಣಿದಾರನಾದ ನಾನು ಇನ್ನೊಬ್ಬರ ಪಿಂಚಣಿಗೆ 36 ಪೈಸೆ ಕೊಡಲು ಗೊಣಗುವುದು ಶೋಭಿಸದು. ಆದರೂ ದಶಕಗಳ ಹಿಂದೆ ಎತ್ತಿಡಬೇಕಿದ್ದ ಹಣವನ್ನು ಇಂದಿನ ಗ್ರಾಹಕನ ಬಿಲ್ಲಿಗೆ ಸೇರಿಸುವುದು ಹಣಕಾಸಿನ ಒಳ್ಳೆಯ ಶಿಸ್ತಲ್ಲ.)

ಇಂಥ ಕಡಿದಾದ ಗಡಿ ನಮ್ಮ ದರಪಟ್ಟಿಗೆ ಹೊಸದೇನಲ್ಲ. 2023ರ ಪರಿಷ್ಕರಣೆಯಲ್ಲಿ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ 100 ಯೂನಿಟ್‌ವರೆಗೆ 4.75 ರೂಪಾಯಿ, ಅದನ್ನು ಮೀರಿದರೆ ಎಲ್ಲ ಯೂನಿಟ್‌ಗಳಿಗೂ 7 ರೂಪಾಯಿ ಎಂದು ನಿಗದಿಪಡಿಸಿತ್ತು. 100ಕ್ಕೆ 475, 101ಕ್ಕೆ 707. ಮರುವರ್ಷ ಅದನ್ನು ಕೈಬಿಟ್ಟು ಎಲ್ಲರಿಗೂ 5.90ರ ಏಕದರ ತಂದರು; 2025ರಲ್ಲಿ ಅದು 10 ಪೈಸೆ ಇಳಿಯಿತು, ನಿಗದಿತ ಶುಲ್ಕ ಮಾತ್ರ 120ರಿಂದ 145ಕ್ಕೆ ಏರಿತು. ಈ ಬದಲಾವಣೆಯ ಪರಿಣಾಮವನ್ನು ಹೆಚ್ಚಿನವರು ಗಮನಿಸಿದಂತಿಲ್ಲ. ಬಳಸಿದ್ದಕ್ಕೆ ಕೊಡುವ ಹಣ ತುಸು ಇಳಿದು, ಬಳಸದಿದ್ದರೂ ಕೊಡಬೇಕಾದ ಹಣ ಏರಿದರೆ, ಕಡಿಮೆ ಬಳಸುವವನಿಗೇ ಹೊರೆ.

ಅವಿಭಕ್ತ ಕುಟುಂಬಗಳ ಪಾಡು ಇನ್ನೂ ವಿಚಿತ್ರ. ಒಂಬತ್ತು ಜನರಿರುವ ತೊಟ್ಟಿಮನೆಯೊಂದರಲ್ಲಿ ಒಂದು ಮೀಟರಿನಲ್ಲಿ 210 ಯೂನಿಟ್ ಓಡಿದರೆ ಪೂರ್ತಿ ಬಿಲ್ಲು. ತಲೆಗೆ ಲೆಕ್ಕ ಹಾಕಿದರೆ 24 ಯೂನಿಟ್ಟೂ ಇಲ್ಲ. ಅದೇ ಮನೆಯಲ್ಲಿ ಅಣ್ಣತಮ್ಮಂದಿರು ಮೊದಲೇ ಪಾಲಾಗಿ ಎರಡು ಮೀಟರ್ ಹಾಕಿಸಿಕೊಂಡಿದ್ದರೆ ಎರಡೂ ಉಚಿತವಾಗುತ್ತಿದ್ದವು. ಭೂಸುಧಾರಣೆಯ ಕಾಲದಲ್ಲಿ ಕಾಗದದ ಮೇಲಿನ ವಿಭಾಗಪತ್ರಗಳನ್ನು ಕಂಡ ಹಳೆಯ ಅಧಿಕಾರಿಗಳಿಗೆ ಈ ಕಥೆ ಹೊಸದೆನಿಸದು.

ನನ್ನ ಮಟ್ಟಿಗೆ ಪರಿಹಾರ ಸರಳ. ಹಿಂದಿನ ಬಳಕೆಯನ್ನು ಮರೆತು ಪ್ರತಿ ಮನೆಗೂ ಒಂದೇ ಪ್ರಮಾಣ, ಉದಾಹರಣೆಗೆ 75 ಯೂನಿಟ್, ಉಚಿತವಾಗಿ ಕೊಡಲಿ; ಅದರ ಮೇಲಿನದಕ್ಕೆ ಎಲ್ಲರೂ ಹಣ ಕಟ್ಟಲಿ. ಗಡಿ ದಾಟಿದವರ ಸೌಲಭ್ಯವನ್ನು ಪೂರ್ತಿ ಕಿತ್ತುಕೊಳ್ಳುವುದು ಬೇಡ. 180 ಯೂನಿಟ್ ಬಳಸುವ ಮಧ್ಯಮವರ್ಗ ಇದನ್ನು ಒಪ್ಪಲಾರದು, ನಿಜ. ಆದರೆ ಉಳಿಸಿದ ಯೂನಿಟ್ಟು ತನಗೇ ಲಾಭ ತರುತ್ತದೆಂದು ಗೊತ್ತಾದಾಗಲಷ್ಟೇ ಜನ 75 ವಾಟ್‌ನ ಹಳೆಯ ಫ್ಯಾನ್ ತೆಗೆದು ಅದರ ಅರ್ಧಕ್ಕಿಂತ ಕಡಿಮೆ ಎಳೆಯುವ ಬಿಎಲ್‌ಡಿಸಿ ಫ್ಯಾನ್ ಹಾಕುತ್ತಾರೆ. ಎರಡು ಕಿಲೋವಾಟ್ ಗೀಸರ್ ಅರ್ಧ ಗಂಟೆಗೆ ಒಂದು ಯೂನಿಟ್ ನುಂಗುತ್ತದೆಂದು ಲೆಕ್ಕ ಹಾಕುತ್ತಾರೆ. 2024ರಲ್ಲಿ ಬಂದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆ ಮೂರು ಕಿಲೋವಾಟ್ ಸೌರಫಲಕಕ್ಕೆ 78,000 ರೂಪಾಯಿ ಸಹಾಯಧನ ಕೊಡುತ್ತದೆ. ಬಿಲ್ಲೇ ಇಲ್ಲದವನು ಸಾಲ ಮಾಡಿ ಅದನ್ನೇಕೆ ಹಾಕಿಸಿಕೊಂಡಾನು? ನಾಡಹೆಂಚಿನ ಮನೆಯವನಂತೂ ಮನಸ್ಸಿದ್ದರೂ ಹಾಕಿಸಿಕೊಳ್ಳಲಾರ.

ವಿದ್ಯುತ್ತಿನ ಈ ಗದ್ದಲದಲ್ಲಿ ಒಲೆಯನ್ನು ಮರೆತಿದ್ದೇವೆ. ಉಜ್ವಲಾ ಯೋಜನೆಯ ಹೊರಗಿರುವ ಸಾಮಾನ್ಯ ಗ್ರಾಹಕರಿಗೆ 2020ರ ಮಧ್ಯಭಾಗದಿಂದಲೇ ಅಡುಗೆ ಅನಿಲದ ಸಬ್ಸಿಡಿ ಬಹುಮಟ್ಟಿಗೆ ನಿಂತುಹೋಯಿತು. 2023ರ ಆಗಸ್ಟ್‌ನಲ್ಲಿ 200, 2024ರ ಮಾರ್ಚ್‌ನಲ್ಲಿ 100 ರೂಪಾಯಿ ಇಳಿದ ಸಿಲಿಂಡರ್ ಬೆಲೆ 2025ರ ಏಪ್ರಿಲ್‌ನಲ್ಲಿ 50 ರೂಪಾಯಿ ಏರಿತು. ಹಳ್ಳಿಯ ಮನೆ ಇದಕ್ಕೆ ಕಂಡುಕೊಂಡ ಉಪಾಯ, ಅನಿಲವನ್ನು ಚಹಾಕ್ಕೂ ಬೆಳಗಿನ ತಿಂಡಿಗೂ ಮೀಸಲಿಟ್ಟು, ಮುದ್ದೆಯ ಎಸರನ್ನೂ ಸ್ನಾನದ ನೀರನ್ನೂ ಸೌದೆ ಒಲೆಗೆ ಬಿಡುವುದು. ಆ ಉಳಿತಾಯದ ಹೊಗೆಯನ್ನು ಕುಡಿಯುವವರು ಹೆಂಗಸರು.

ನಾಗಮಂಗಲದ ನೆರೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಈ ಪ್ರಶ್ನೆಗೆ ಹಿಂದೆಯೇ ಉತ್ತರ ಹುಡುಕಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಅಲ್ಲಿನ ಆರು ಹಳ್ಳಿಗಳ ಇಂಧನ ಬಳಕೆಯನ್ನು ಮನೆಮನೆಗೆ ಹೋಗಿ ಅಳೆದರು. ಬಳಕೆಯ ಬಹುಪಾಲು ಸೌದೆ. ಅದು ಉರಿಯುವುದು ಅಡುಗೆಗೆ ಮತ್ತು ಸ್ನಾನದ ನೀರಿಗೆ ಎಂಬುದು ಆಗ ಅಂಕಿಗಳಲ್ಲಿ ಸಿದ್ಧವಾಯಿತು. ಕಡಿಮೆ ಸೌದೆಯಲ್ಲಿ, ಹೊಗೆಯನ್ನು ಕೊಳವೆಯ ಮೂಲಕ ಹೊರಗಟ್ಟಿ ಉರಿಯುವ ಅಸ್ತ್ರ ಒಲೆ ಆ ಕೆಲಸದ ಫಲ. ಹತ್ತಿರದ ಪುರ ಗ್ರಾಮದಲ್ಲಿ ಸಾಮೂಹಿಕ ಗೋಬರ್ ಅನಿಲ ಸ್ಥಾವರವನ್ನು ಮೊದಲು ಅಡುಗೆಗೆಂದು ಕಟ್ಟಿದರು. ಅನಿಲ ಎಲ್ಲ ಮನೆಗಳಿಗೂ ಸಾಲಲಿಲ್ಲ. 1987ರಲ್ಲಿ ಅದನ್ನೇ ಎಂಜಿನ್ನಿಗೆ ತಿರುಗಿಸಿ ದೀಪಕ್ಕೂ ಕುಡಿಯುವ ನೀರಿಗೂ ವಿದ್ಯುತ್ ಉತ್ಪಾದಿಸಿದರು. ಮನೆಗೆ ಬೇಕಾದುದು ಯೂನಿಟ್ಟಲ್ಲ, ಬೆಳಕು, ಬಿಸಿನೀರು, ಬೆಂದ ಅನ್ನ ಎಂಬುದು ರೆಡ್ಡಿಯವರ ವಾದದ ತಿರುಳು. ನಮ್ಮ ಯೋಜನೆಗಳು ಇಂದಿಗೂ ಯೂನಿಟ್ಟನ್ನೇ ಎಣಿಸುತ್ತಿವೆ.

ಉಚಿತದ ಹೊರಗಿರುವ ಓದುಗರು ತಾವೇ ಮಾಡಿಕೊಳ್ಳಬಹುದಾದ ಕೆಲಸವೊಂದಿದೆ. ಬಿಲ್ಲಿನಲ್ಲಿ ‘ಮಂಜೂರಾದ ಲೋಡ್’ ಎಂಬ ಸಾಲನ್ನು ನೋಡಿ. ಮಕ್ಕಳು ಊರು ಬಿಟ್ಟು, ಮೇಲಂತಸ್ತು ಖಾಲಿಯಾಗಿ, ಗೀಸರಿನ ಜಾಗಕ್ಕೆ ಸೋಲಾರ್ ಬಂದ ಎಷ್ಟೋ ಮನೆಗಳಲ್ಲಿ ಐದು ಕಿಲೋವಾಟ್ ಹಾಗೆಯೇ ಉಳಿದಿರುತ್ತದೆ. ಮೂರಕ್ಕೆ ಇಳಿಸಿಕೊಂಡರೆ 2025ರ ದರದಂತೆ ತಿಂಗಳಿಗೆ 290 ರೂಪಾಯಿ ಉಳಿತಾಯ. ಅದಕ್ಕೆ ವಿದ್ಯುತ್ ನಿಗಮದ ಉಪವಿಭಾಗದ ಕಚೇರಿಯಲ್ಲಿ ಅರ್ಜಿ ಕೊಡಬೇಕು.