ಬೆಂಗಳೂರಿನ ಕಾಲ್ಚೆಂಡು ತಂಡವೂ ಮುಂಬಯಿಯ ಋಣವೂ

ಠಾಣೆಯಿಂದ ಡೊಂಬಿವಲಿ, ಕಲ್ಯಾಣಗಳವರೆಗೂ, ಖಾಡಿಯ ಆಚೆ ನವಿಮುಂಬಯಿಯಲ್ಲೂ ನೆಲೆಸಿರುವ ನಮ್ಮವರಿಗೆ ಕಾಲ್ಚೆಂಡಾಟವು ಒಂದು ವಿಲಕ್ಷಣವಾದ ಇಕ್ಕಟ್ಟನ್ನು ತಂದೊಡ್ಡಿದೆ. ಬೆಂಗಳೂರಿಗೂ ಮುಂಬಯಿಗೂ ಪಂದ್ಯ ನಡೆದಾಗ ಯಾರ ಪಕ್ಷ ವಹಿಸಬೇಕು? ಊರಿನ ಅಭಿಮಾನದಿಂದ ತಂದೆ ಬೆಂಗಳೂರಿನ ಕಡೆಗೆ ವಾಲಿದರೆ, ಇಲ್ಲಿಯೇ ಹುಟ್ಟಿ ಬೆಳೆದ ಮಗ ಮುಂಬಯಿಯ ಗೆಲುವನ್ನು ಹಾರೈಸುವುದು ಸಹಜ. ಈ ಗೃಹಕಲಹವನ್ನು ತೀರಿಸುವುದು ನಮ್ಮಿಂದಾಗುವ ಕಾರ್ಯವಲ್ಲ. ಆದರೆ ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆಯನ್ನು ಅವಲೋಕಿಸಿದರೆ, ಅದರಲ್ಲಿ ಮುಂಬಯಿಯ ಪಾಲು ಸಣ್ಣದಲ್ಲವೆಂಬುದು ತಿಳಿದುಬರುತ್ತದೆ.

ಬೆಂಗಳೂರಿನ ಕಾಲ್ಚೆಂಡಾಟದ ಕೀರ್ತಿ ಹೊಸದೇನಲ್ಲ. ಬ್ರಿಟಿಷ್ ಸೇನಾದಳಗಳ ಸ್ವತ್ತಿನಂತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಪ್ರಥಮವಾಗಿ ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅದೇ ತಂಡ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ಮೊದಲ ಗೋಲನ್ನು ಫ್ರಾನ್ಸಿನ ವಿರುದ್ಧ ಹೊಡೆದ ಸಾರಂಗಪಾಣಿ ರಾಮನ್ ಮೈಸೂರು ಸಂಸ್ಥಾನದ ಪರವಾಗಿ ಆಡುತ್ತಿದ್ದವರು. ಅಹಮದ್ ಖಾನರು ಕಲಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ತಂಡದ ‘ಪಂಚಪಾಂಡವ’ರಲ್ಲಿ ಒಬ್ಬರೆನಿಸಿದರು. ಹೊಟ್ಟೆಪಾಡಿಗಾಗಿ ಊರು ಬಿಟ್ಟವರು ನಾವು ಮಾತ್ರವೇ ಅಲ್ಲ.

ಮುಂದಿನ ದಶಕಗಳಲ್ಲಿ ಬೆಂಗಳೂರಿನ ಆಟವನ್ನು ಸಾಕಿದ್ದು ಕಾರ್ಖಾನೆಗಳು. ಎಚ್‌ಎಎಲ್, ಐಟಿಐಗಳಂಥ ಸಂಸ್ಥೆಗಳು ಆಟಗಾರನಿಗೆ ಚೆಂಡಿನ ಜೊತೆಗೆ ಉದ್ಯೋಗವನ್ನೂ ಕೊಟ್ಟವು. ಸಂಬಳ ಹೆಚ್ಚಿರಲಿಲ್ಲ, ಆದರೆ ಮೊಣಕಾಲು ಕೈಕೊಟ್ಟ ದಿನವೂ ಒಲೆ ಉರಿಯುತ್ತಿತ್ತು. ಎಚ್‌ಎಎಲ್ ತಂಡ 2011-12ರ ಐ-ಲೀಗಿನಿಂದ ಕೆಳಗಿಳಿದ ಮೇಲೆ ದೇಶದ ಅಗ್ರ ಪಂದ್ಯಾವಳಿಯಲ್ಲಿ ಬೆಂಗಳೂರಿನ ಹೆಸರೇ ಇಲ್ಲದಂತಾಯಿತು.

ಆ ತೆರವನ್ನು 2013ರಲ್ಲಿ ತುಂಬಿದ್ದು ಜೆಎಸ್‌ಡಬ್ಲ್ಯು ಉದ್ಯಮಸಮೂಹ. ಅದರ ದೊಡ್ಡ ಉಕ್ಕಿನ ಕಾರ್ಖಾನೆ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿದೆ, ಪ್ರಧಾನ ಕಚೇರಿ ಮುಂಬಯಿಯಲ್ಲಿದೆ. ಆದ್ದರಿಂದ ಬೆಂಗಳೂರಿನ ಈ ತಂಡವನ್ನು ಮುಂಬಯಿಯ ಹಣದ ಕೂಸೆಂದು ಕರೆದರೆ ತಪ್ಪಾಗದು. ಆಂಗ್ಲ ತರಬೇತುದಾರ ಆಶ್ಲಿ ವೆಸ್ಟ್‌ವುಡ್ ಮತ್ತು ನಾಯಕ ಸುನಿಲ್ ಛೇತ್ರಿ ಇವರ ನೇತೃತ್ವದಲ್ಲಿ ಕೂಸು ತೆವಳುವುದನ್ನು ಬಿಟ್ಟು ನೇರವಾಗಿ ಓಡಿಯೇಬಿಟ್ಟಿತು: ಪದಾರ್ಪಣೆಯ ವರ್ಷದಲ್ಲೇ, 2014ರ ಏಪ್ರಿಲಿನಲ್ಲಿ, ಐ-ಲೀಗ್ ಪ್ರಶಸ್ತಿ ಅದರದಾಯಿತು. 2016ರಲ್ಲಿ ಮತ್ತೊಮ್ಮೆ ಆ ಗೌರವ ದೊರೆಯಿತು. ಅದೇ ವರ್ಷ ಎಎಫ್‌ಸಿ ಕಪ್ಪಿನಲ್ಲಿ ಮಲೇಷ್ಯದ ಜೊಹೊರ್ ತಂಡವನ್ನು ಕಂಠೀರವ ಕ್ರೀಡಾಂಗಣದಲ್ಲಿ 3-1ರಿಂದ ಸೋಲಿಸಿ ಅಂತಿಮ ಪಂದ್ಯವನ್ನು ತಲಪಿತು. ಹಾಗೆ ತಲಪಿದ ಮೊದಲ ಭಾರತೀಯ ಕ್ಲಬ್ ಇದು. ದೋಹಾದಲ್ಲಿ ಇರಾಕಿನ ತಂಡಕ್ಕೆ ಒಂದೇ ಗೋಲಿನಿಂದ ಸೋತರೂ ಆ ಸೋಲಿಗೆ ಯಾರೂ ತಲೆ ತಗ್ಗಿಸಬೇಕಾಗಿರಲಿಲ್ಲ.

ಇನ್ನು ನಮ್ಮ ಸಮೀಪದ ವಿಷಯ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾದಾಗ ಮುಂಬಯಿ ಸಿಟಿ ತಂಡದ ತವರು ಮೈದಾನವೆನಿಸಿದ್ದು ನೆರೂಳಿನ ಡಿ. ವೈ. ಪಾಟೀಲ್ ಕ್ರೀಡಾಂಗಣ. ಡೊಂಬಿವಲಿಯವರು ಠಾಣೆಯಲ್ಲಿ ಇಳಿದು ನೆರೂಳಿನ ಗಾಡಿ ಹಿಡಿದರೆ ಸಾಕಾಗಿತ್ತು. ಆಗ ಬೆಂಗಳೂರು ಐ-ಲೀಗಿನಲ್ಲೇ ಆಡುತ್ತಿದ್ದುದರಿಂದ ಅದರ ನಾಯಕ ಛೇತ್ರಿ ಎರವಲಾಗಿ ಬಂದು 2015ರಲ್ಲಿ ಮುಂಬಯಿಯ ಪರ ಆಡಿದರು. ಅಕ್ಟೋಬರ್ 28ರಂದು ನೆರೂಳಿನಲ್ಲೇ ಈಶಾನ್ಯದ ತಂಡದ ವಿರುದ್ಧ ಮೂರು ಗೋಲು ಹೊಡೆದು, ಆ ಪಂದ್ಯಾವಳಿಯಲ್ಲಿ ‘ಹ್ಯಾಟ್ರಿಕ್’ ಸಾಧಿಸಿದ ಮೊದಲ ಭಾರತೀಯರೆನಿಸಿದರು. ತಂದೆಮಕ್ಕಳಿಬ್ಬರೂ ಒಟ್ಟಿಗೆ ಚಪ್ಪಾಳೆ ತಟ್ಟಬಹುದಾಗಿದ್ದ ಸಂಜೆ ಅದು. 2016ರಲ್ಲಿ ಮುಂಬಯಿ ತಂಡ ಅಂಧೇರಿಗೆ ಸ್ಥಳಾಂತರಗೊಂಡಿತು. ನೆರೂಳಿಗೆ 2017ರ ಹದಿನೇಳರೊಳಗಿನವರ ವಿಶ್ವಕಪ್ ಬಂತು, 2022ರಲ್ಲಿ ಬಾಲಕಿಯರ ವಿಶ್ವಕಪ್ಪಿನ ಅಂತಿಮ ಪಂದ್ಯವೂ ಬಂತು. ಅತಿಥಿಗಳು ಬಂದು ಹೋದರು, ಮನೆಯ ಮಗ ಮಾತ್ರ ಬೇರೆ ಮನೆ ಮಾಡಿದ್ದ.

2017ರಲ್ಲಿ ಬೆಂಗಳೂರು ಕೂಡ ಸೂಪರ್ ಲೀಗನ್ನು ಸೇರಿತು. 2019ರ ಮಾರ್ಚ್ 17ರಂದು ಅಂತಿಮ ಪಂದ್ಯ ನಡೆದದ್ದು ಅಂಧೇರಿಯಲ್ಲಿ, ಎದುರಾಳಿ ಗೋವಾ. ಗೋಲಿಲ್ಲದೆ ತೊಂಬತ್ತು ನಿಮಿಷ ಕಳೆದವು. ಹೆಚ್ಚುವರಿ ಆಟದ 117ನೆಯ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಚೆಂಡನ್ನು ಒಳಗಟ್ಟಿ ಬೆಂಗಳೂರಿಗೆ ಪ್ರಶಸ್ತಿ ದೊರಕಿಸಿದರು. ಭೇಕೆ ಮುಂಬಯಿಯ ಹುಡುಗ! ಮುಂಬಯಿಯ ನೆಲದಲ್ಲಿ ಮುಂಬಯಿಯವನ ಗೋಲಿನಿಂದ ಬೆಂಗಳೂರು ಗೆದ್ದಿತೆಂದರೆ, ಮೇಲೆ ಹೇಳಿದ ಗೃಹಕಲಹಕ್ಕೆ ಇದಕ್ಕಿಂತ ಸೊಗಸಾದ ರಾಜಿ ಉಂಟೇ? ರಾಜಿ ಬಹುಕಾಲ ಉಳಿಯಲಿಲ್ಲವೆನ್ನಿ. 2022ರ ಡುರಾಂಡ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಬೆಂಗಳೂರು ಮುಂಬಯಿಯನ್ನೇ 2-1ರಿಂದ ಸೋಲಿಸಿತು.

ಇಷ್ಟೆಲ್ಲ ಕೀರ್ತಿಯ ನಡುವೆ 2025ರ ಆಗಸ್ಟಿನಲ್ಲಿ ಬಂದ ಒಂದು ವಾರ್ತೆ ನಮ್ಮನ್ನು ಚಿಂತೆಗೀಡುಮಾಡಿತು. ಫುಟ್‌ಬಾಲ್ ಒಕ್ಕೂಟಕ್ಕೂ ಲೀಗನ್ನು ನಡೆಸುವ ಸಂಸ್ಥೆಗೂ ಇದ್ದ ಒಪ್ಪಂದ ನವೀಕರಣಗೊಳ್ಳದೆ ಪಂದ್ಯಾವಳಿ ಅನಿಶ್ಚಿತವಾದಾಗ, ಬೆಂಗಳೂರು ಕ್ಲಬ್ ತನ್ನ ಪ್ರಧಾನ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ದೊಡ್ಡ ಆಟಗಾರರು ಹೇಗೋ ತಾಳಿಕೊಂಡಾರು. ತಾಳೇಮು ಮಾಡುವವನು, ಮೈ ನೀವುವವನು, ಬೂಟುಗಳ ಚೀಲ ಹೊರುವವನು ಏನು ಮಾಡಬೇಕು? 1982ರ ಮುಷ್ಕರದ ತರುವಾಯ ಗಿರಣಿಗಳ ಬಾಗಿಲು ಮುಚ್ಚಿದ್ದನ್ನು ಕಂಡ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ನಮ್ಮ ಮುಂಬಯಿಯಲ್ಲೇ ಮಹೀಂದ್ರ ಯುನೈಟೆಡ್ ತಂಡ 2006ರಲ್ಲಿ ರಾಷ್ಟ್ರೀಯ ಲೀಗನ್ನು ಗೆದ್ದು, ನಾಲ್ಕೇ ವರ್ಷಗಳಲ್ಲಿ, 2010ರಲ್ಲಿ, ಮಾಲೀಕರ ಒಂದು ನಿರ್ಣಯದಿಂದ ವಿಸರ್ಜನೆಗೊಂಡಿತು. ಕಾರ್ಖಾನೆಯ ತಂಡ ಬಡವಾಗಿದ್ದರೂ ಆಟಗಾರನಿಗೆ ಹಾಜರಿಪಟ್ಟಿಯಲ್ಲಿ ಒಂದು ಹೆಸರಿತ್ತು. ವೃತ್ತಿಪರ ಕ್ಲಬ್ಬು ಶ್ರೀಮಂತವಾದರೂ ಅದರ ಭರವಸೆ ಕರಾರಿನ ಅವಧಿಯನ್ನು ಮೀರುವುದಿಲ್ಲ, ಕೆಲವೊಮ್ಮೆ ಅಷ್ಟು ದೂರವೂ ಬಾರದು.

ಮಗ ಚೆನ್ನಾಗಿ ಆಡುತ್ತಾನೆ, ಕಳುಹಿಸಲೇ ಎಂದು ಕೇಳುವ ತಂದೆತಾಯಿಯರಿಗೆ ಬೇಡವೆನ್ನಲು ನಾವು ಸಿದ್ಧರಿಲ್ಲ. ಕರಾರು ಎಷ್ಟು ವರ್ಷದ್ದು, ಗಾಯವಾದರೆ ವೈದ್ಯಕೀಯ ವೆಚ್ಚ ಯಾರದು, ಪಂದ್ಯಾವಳಿ ನಿಂತ ತಿಂಗಳುಗಳಲ್ಲಿ ಸಂಬಳ ಬರುವುದೇ ಎಂಬ ಮೂರನ್ನು ಕಾಗದದಲ್ಲಿ ಬರೆಸಿಕೊಂಡ ಮೇಲೆಯೇ ರುಜು ಹಾಕಲಿ. ಅಲ್ಲಿಯವರೆಗೆ ಕಾಲೇಜಿನ ಹಾಜರಿಯನ್ನೂ ತಪ್ಪಿಸದಿರಲಿ.